ಕುಮರಿಯಿಂದ ಬಾಕುವಿಗೆ

ಕಾರವಾರದಿಂದ ಕಾಳಿ ನದಿಯ ಗುಂಟ ಮೇಲಕ್ಕೆ ಹೋದರೆ, ಬಯಲು ಮುಗಿದು ಘಟ್ಟ ಏರತೊಡಗುವ ಕಡೆ ಕದ್ರಾ ಇದೆ. ಹೊರಗಿನವರಿಗೆ ಈ ಹೆಸರು ಗೊತ್ತಿರುವುದು ಅಲ್ಲಿನ ಅಣೆಕಟ್ಟಿನಿಂದ, ಇಲ್ಲವೇ ಅದರ ಹಿನ್ನೀರಿನಿಂದ ತಂಪು ಪಡೆಯುವ ಕೈಗಾ ಅಣು ವಿದ್ಯುತ್ ಸ್ಥಾವರದಿಂದ. ಹವಾಮಾನ ಬದಲಾವಣೆಗೆ ಯಾವ ದೇಶ ಎಷ್ಟು ಹಣ ಕೊಡಬೇಕು ಎಂಬ ಜಗ್ಗಾಟ ನಡೆಯುವುದು ಕೋಪನ್‌ಹೇಗನ್, ಪ್ಯಾರಿಸ್, ಬಾಕುಗಳಲ್ಲಿ. ಕದ್ರಾಕ್ಕೂ ಅದಕ್ಕೂ ಏನು ನಂಟು ಎಂದು ಯಾರಾದರೂ ಕೇಳಬಹುದು. ಆದರೆ ಆ ಸಭೆಗಳ ಕಾಗದಪತ್ರ ಓದುತ್ತ ಹೋದಂತೆ ಅಲ್ಲಿನ ವಾದಗಳನ್ನು ಮೊದಲೇ ಎಲ್ಲೋ ಕೇಳಿದ್ದೇವೆ ಅನ್ನಿಸತೊಡಗುತ್ತದೆ. ಕೇಳಿದ್ದು ಕಾಳಿ ಕಣಿವೆಯಲ್ಲೇ. ದಿಕ್ಕು ತಪ್ಪಿಸುವ ಈ ವಾದಗಳನ್ನು ನಮ್ಮ ಕಾಲದ ರಾಜತಾಂತ್ರಿಕರು ಹೊಸದಾಗಿ ಹೊಸೆದಿಲ್ಲ. ಲೆಕ್ಕದ ಪುಸ್ತಕ ಕೈಯಲ್ಲಿಟ್ಟುಕೊಂಡವರು ನಷ್ಟ ಹೊತ್ತವರ ಮುಂದೆ ಹೂಡುತ್ತ ಬಂದ ಹಳೇ ವಾದಗಳೇ ಅವು, ಮತ್ತು ಅವುಗಳಲ್ಲಿ ಹೆಚ್ಚಿನವು ಈ ಒಂದೇ ಕಣಿವೆಯಲ್ಲಿ ಒಂದೂವರೆ ಶತಮಾನದಿಂದ ಬಳಕೆಯಲ್ಲಿವೆ. ಇನ್ನೊಂದು ಮಾತೂ ಇದೆ: ಅವು ಬಹುಪಾಲು ಸುಳ್ಳಿನ ಮೇಲೆ ನಿಂತಿಲ್ಲ. ನಿಜವಾದ ಸಂಗತಿಯೊಂದನ್ನು ಅದರ ಅಳತೆಯಿಂದ ಬಿಡಿಸಿ ಮುಂದಿಡುವುದರಲ್ಲೇ ಅವುಗಳ ಬಲ ಇದೆ.

ಮೊದಲು ಕುಮರಿಯ ಕತೆ. ಬೇಸಿಗೆಗೆ ಮುಂಚೆ ಗುಡ್ಡದ ಇಳಿಜಾರಿನಲ್ಲಿ ಒಂದು ತುಂಡು ಕಾಡು ಸವರಿ, ಒಣಗಿಸಿ, ಸುಟ್ಟು, ಮಳೆ ಬಿದ್ದಾಗ ಆ ಬೂದಿಯಲ್ಲಿ ರಾಗಿ, ಸಾವೆ ಬಿತ್ತಿ, ಒಂದೆರಡು ಬೆಳೆ ತೆಗೆದು ಆ ಜಾಗವನ್ನು ಮತ್ತೆ ಕಾಡಿಗೆ ಬಿಟ್ಟುಕೊಡುವ ಬೇಸಾಯ ಅದು. ಕುಣಬಿಗಳು, ಕುಮರಿ ಮರಾಠಿಗರು ಘಟ್ಟದ ಉದ್ದಕ್ಕೂ ಹೀಗೆ ಬದುಕಿದ್ದರು. 1856ರಲ್ಲಿ ಮದ್ರಾಸು ಸರ್ಕಾರ ಹ್ಯೂ ಕ್ಲೆಗಾರ್ನ್ ಎಂಬ ವೈದ್ಯನನ್ನು ಅರಣ್ಯಗಳ ಸಂರಕ್ಷಣಾಧಿಕಾರಿಯಾಗಿ ನೇಮಿಸಿತು. ಕೆನರಾದ ಕಾಡು ಹಾಳಾಗುತ್ತಿರುವುದಕ್ಕೆ ಕುಮರಿಯೇ ದೊಡ್ಡ ಕಾರಣವೆಂದು ಅವನು ವಾದಿಸಿದ. 1860ರಲ್ಲಿ ಪೂರ್ವಾನುಮತಿಯಿಲ್ಲದೆ ಸರ್ಕಾರಿ ಕಾಡಿನಲ್ಲಿ ಕುಮರಿ ಕಡಿಯುವುದನ್ನು ನಿಷೇಧಿಸಲಾಯಿತು. ಎರಡೇ ವರ್ಷದಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿದರೂ ನಿಷೇಧದ ಧೋರಣೆ ಬದಲಾಗಲಿಲ್ಲ. 1878ರ ಅರಣ್ಯ ಕಾಯ್ದೆ ಬಂದ ಮೇಲೆ ಅದು ಇನ್ನಷ್ಟು ಬಿಗಿಯಾಯಿತು.

ಕ್ಲೆಗಾರ್ನ್ ಸುಳ್ಳುಗಾರನಾಗಿರಲಿಲ್ಲ. ಕುಮರಿಗೆ ಕಾಡು ಸುಡುತ್ತಿದ್ದುದು ನಿಜ, ಅವನ ಕಾಡಿನ ಕಾಳಜಿಯೂ ನಿಜ. ಆದರೆ ಅದೇ ದಶಕಗಳಲ್ಲಿ ಮುಂಬಯಿಯ ಹಡಗುಕಟ್ಟೆಗೆ ಮಲಬಾರು–ಕೆನರಾದ ಸಾಗುವಾನಿ ಹೋಗುತ್ತಿತ್ತು. 1853ರ ನಂತರ ರೈಲು ಹಳಿಯ ಅಡಿಗಟ್ಟಿಗೆ ಬೇಕಾದ ಮರಕ್ಕೆ ಲೆಕ್ಕವೇ ಇರಲಿಲ್ಲ. ಕುಮರಿಯವನು ಸುಟ್ಟ ತುಂಡು ಹತ್ತಾರು ವರ್ಷದಲ್ಲಿ ಮತ್ತೆ ಮರ ಮೂಡಿಸಿಕೊಳ್ಳುತ್ತಿತ್ತು. ಸಾಗುವಾನಿಯ ದಿಮ್ಮಿ ಹೊಳೆ ಇಳಿದು ಹೋದರೆ ಹೋಯಿತು. ಒಬ್ಬನದು ಹೊಟ್ಟೆಪಾಡು, ಇನ್ನೊಬ್ಬನದು ಸಾಮ್ರಾಜ್ಯದ ನೌಕಾಬಲ. ಇವೆರಡನ್ನೂ ‘ಕಾಡಿನ ನಾಶ’ ಎಂಬ ಒಂದೇ ತಲೆಬರಹದಡಿ ಬರೆದು, ಕೊನೆಗೆ ಮೊದಲನೆಯವನನ್ನು ಮಾತ್ರ ಅಪರಾಧಿಯಾಗಿಸಿದ್ದು ಆ ಕಾಲದ ಆಡಳಿತದ ಕೈಚಳಕ. ಕಾಡನ್ನು ತಿಳಿದಷ್ಟೇ ಚೆನ್ನಾಗಿ ಬ್ರಿಟಿಷ್ ಅಧಿಕಾರಿಗಳು ಕಡತ ಬರೆಯುವುದನ್ನೂ ತಿಳಿದಿದ್ದರು.

ಇದನ್ನು ನೆನಪಿಟ್ಟುಕೊಂಡು 1990ಕ್ಕೆ ಬರೋಣ. ವಾಷಿಂಗ್ಟನ್ನಿನ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಪ್ರಕಟಿಸಿದ ವರದಿಯಲ್ಲಿ ಭೂಮಿ ಬಿಸಿಯೇರಿಸುವ ಅನಿಲ ಉಗುಳುವ ದೊಡ್ಡ ದೇಶಗಳ ಸಾಲಿನಲ್ಲಿ ಭಾರತ, ಚೀನಾ, ಬ್ರೆಜಿಲ್‌ಗಳ ಹೆಸರಿತ್ತು. ಮರುವರ್ಷ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಅನಿಲ್ ಅಗರವಾಲ್ ಮತ್ತು ಸುನೀತಾ ನಾರಾಯಣ್ ಆ ಲೆಕ್ಕವನ್ನು ಬಿಡಿಸಿ ತೋರಿಸಿದರು. ಸಮುದ್ರ ಮತ್ತು ಕಾಡುಗಳು ಹೀರಿಕೊಳ್ಳುವ ಅನಿಲದ ಪಾಲನ್ನು ಜನಸಂಖ್ಯೆಯ ಪ್ರಕಾರ ಹಂಚದೆ, ಯಾರು ಹೆಚ್ಚು ಉಗುಳುತ್ತಾರೋ ಅವರಿಗೇ ಹೆಚ್ಚು ರಿಯಾಯಿತಿ ಸಿಗುವಂತೆ ಆ ವರದಿ ಹಂಚಿತ್ತು. ಗದ್ದೆಯಿಂದ ಏಳುವ ಮೀಥೇನಿಗೂ ಕಾರಿನ ಹೊಗೆಗೂ ಅದು ಒಂದೇ ತಕ್ಕಡಿ ಹಿಡಿದಿತ್ತು. ಭತ್ತದ ಮೀಥೇನಿನ ಪ್ರಸಂಗವಂತೂ ಇನ್ನೂ ಸ್ವಾರಸ್ಯದ್ದು. ಬೇರೆ ದೇಶಗಳ ಗದ್ದೆಯಲ್ಲಿ ಅಳೆದ ಅಂಕಿಯನ್ನು ಹಿಗ್ಗಿಸಿ, ಭಾರತದ ಭತ್ತದ ಗದ್ದೆಗಳು ವರ್ಷಕ್ಕೆ ಸುಮಾರು 3.8 ಕೋಟಿ ಟನ್ ಮೀಥೇನ್ ಬಿಡುತ್ತವೆ ಎಂದು ಅಮೆರಿಕದ ಪರಿಸರ ಸಂಸ್ಥೆ ಅಂದಾಜಿಸಿತ್ತು. 1991ರಲ್ಲಿ ದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎ.ಪಿ. ಮಿತ್ರಾ ಅವರ ನೇತೃತ್ವದಲ್ಲಿ ದೇಶದ ಗದ್ದೆಗಳಲ್ಲೇ ಅಳೆದಾಗ ಸಿಕ್ಕಿದ್ದು ಸುಮಾರು 40 ಲಕ್ಷ ಟನ್. ಹತ್ತನೇ ಒಂದು ಪಾಲು! ಅಂಕೋಲಾ, ಕುಮಟಾ ಕಡೆಯ ಉಪ್ಪುನೀರಿನ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುವವನು ಜಗತ್ತಿನ ಆರೋಪಪಟ್ಟಿಯಲ್ಲಿ ತನ್ನ ಹೆಸರಿದ್ದುದನ್ನೂ ಅರಿಯ, ಅದು ಅಳಿಸಿಹೋದದ್ದನ್ನೂ ಅರಿಯ. ಕುಮರಿಗೆ ಸಿಗದೇ ಹೋದದ್ದು ಇಲ್ಲಿ ಸಿಕ್ಕಿತು: ಎದುರು ಲೆಕ್ಕ ಬರೆಯಬಲ್ಲ ತನ್ನವರು.

ಈಗ ಹಣದ ಮಾತು. 1992ರ ರಿಯೊ ಒಪ್ಪಂದದ 4ನೇ ವಿಧಿಯಲ್ಲಿ ಶ್ರೀಮಂತ ದೇಶಗಳು ‘ಹೊಸ ಮತ್ತು ಹೆಚ್ಚುವರಿ’ ಹಣ ಕೊಡಬೇಕು ಎಂದಿದೆ. ಈ ಎರಡು ಮಾತುಗಳ ಬೆಲೆ ಗೊತ್ತಾಗಬೇಕಾದರೆ ನಮ್ಮ ಜಿಲ್ಲೆಯ ಕಾಡನ್ನೇ ನೋಡಬಹುದು. 1990ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಸಾಗರೋತ್ತರ ಅಭಿವೃದ್ಧಿ ಸಂಸ್ಥೆಯ ನೆರವಿನಿಂದ ಪಶ್ಚಿಮ ಘಟ್ಟ ಅರಣ್ಯ ಯೋಜನೆ ಉತ್ತರ ಕನ್ನಡದಲ್ಲಿ ಶುರುವಾಯಿತು. 1993ರಲ್ಲಿ ರಾಜ್ಯ ಸರ್ಕಾರ ಜಂಟಿ ಅರಣ್ಯ ಯೋಜನೆಯ ಆದೇಶ ಹೊರಡಿಸಿತು, ಊರೂರಲ್ಲಿ ಗ್ರಾಮ ಅರಣ್ಯ ಸಮಿತಿಗಳು ಹುಟ್ಟಿದವು. ಅದರ ಗುಣದೋಷ ಇಲ್ಲಿ ಬೇಡ. ಗಮನಿಸಬೇಕಾದ್ದು, ಅದನ್ನು ಆಗ ಯಾರೂ ಹವಾಮಾನದ ಹಣ ಎನ್ನಲಿಲ್ಲ. ಅದು ಬಡ ದೇಶಕ್ಕೆ ಕೊಡುವ ಮಾಮೂಲು ಅಭಿವೃದ್ಧಿ ನೆರವು. ಅಂಥದೇ ಯೋಜನೆ ಇವತ್ತು ಬಂದರೆ ಅದಕ್ಕೆ ಹವಾಮಾನದ ಚೀಟಿ ಅಂಟಿಸುವುದಕ್ಕೆ ಅಡ್ಡಿಯೇನಿಲ್ಲ. ಮೊದಲೂ ಬರುತ್ತಿದ್ದ ಹಣಕ್ಕೆ ಚೀಟಿ ಬದಲಾಯಿಸಿ ಹೊಸ ಋಣ ತೀರಿಸಿದೆವು ಎಂದು ಹೇಳಬಾರದೆಂದೇ ‘ಹೆಚ್ಚುವರಿ’ ಎಂದು ಬರೆದದ್ದು. ಆದರೆ ಯಾವ ವರ್ಷದ ಮಟ್ಟಕ್ಕಿಂತ ಹೆಚ್ಚುವರಿ ಎಂದು ಬರೆಯಲಿಲ್ಲ. ಆಮೇಲಿನ ಮೂವತ್ತು ವರ್ಷದ ಜಗಳವೆಲ್ಲ ನುಗ್ಗಿದ್ದು ಆ ಸಂದಿಯಿಂದಲೇ.

2009ರಲ್ಲಿ ಕೋಪನ್‌ಹೇಗನ್ನಿನಲ್ಲಿ, 2020ರ ವೇಳೆಗೆ ವರ್ಷಕ್ಕೆ 100 ಬಿಲಿಯನ್ ಡಾಲರ್ ಒದಗಿಸುತ್ತೇವೆ ಎಂಬ ಭರವಸೆ ಬಂತು. 2015ರಲ್ಲಿ, ಪ್ಯಾರಿಸ್ ಸಭೆ ಹತ್ತಿರವಾದಾಗ, ಶ್ರೀಮಂತ ದೇಶಗಳ ಕೂಟವಾದ ಒಇಸಿಡಿ ಒಂದು ವರದಿ ತಂದು 2014ರಲ್ಲೇ 62 ಬಿಲಿಯನ್ ಡಾಲರ್ ಹರಿದಿದೆ ಎಂದಿತು. ಕೆಲವೇ ವಾರಗಳಲ್ಲಿ ಭಾರತದ ಹಣಕಾಸು ಸಚಿವಾಲಯ ಅದಕ್ಕೊಂದು ಉತ್ತರ ಬರೆಯಿತು. ಸರ್ಕಾರಿ ಕಾಗದಗಳಲ್ಲಿ ಅಷ್ಟು ಖಾರದ್ದು ಅಪರೂಪ. ಅದು ಎತ್ತಿದ ಪ್ರಶ್ನೆಗಳು ಸರಳ: ಇದು ಹೊಸ ಹಣವೋ ಹಳೆಯದೋ, ಸಾಲವೋ ದಾನವೋ, ಬರೀ ಮಾತು ಕೊಟ್ಟದ್ದೋ ಕೈಗೆ ಕೊಟ್ಟದ್ದೋ? ಹವಾಮಾನಕ್ಕೆಂದೇ ಇರುವ ನಿಧಿಗಳಿಂದ ನಿಜಕ್ಕೂ ಹೊರಬಿದ್ದದ್ದು 2.2 ಬಿಲಿಯನ್ ಮಾತ್ರ ಎಂದು ಅದು ತೋರಿಸಿತು. 62 ಮತ್ತು 2.2ರ ನಡುವಿನ ಅಂತರ ಕೂಡುವ ತಪ್ಪಿನಿಂದ ಬಂದದ್ದಲ್ಲ. ಏನನ್ನು ಎಣಿಸಬೇಕು ಎಂಬುದರ ಮೇಲೇ ಇಬ್ಬರಿಗೂ ಒಮ್ಮತವಿರಲಿಲ್ಲ. ದಿಲ್ಲಿಯ ಅಂಕಿಯೂ ತೀರ ಬಿಗಿಯಾಯಿತು ಎಂದೇ ನನಗನ್ನಿಸುತ್ತದೆ. ದೇಶದಿಂದ ದೇಶಕ್ಕೆ ನೇರವಾಗಿ ಬಂದ ಅನುದಾನಗಳನ್ನು ಪೂರ್ತಿ ಬಿಟ್ಟು ಎಣಿಸುವುದು ಎದುರಾಳಿಯ ಧಾರಾಳಕ್ಕೆ ಉತ್ತರವಾಗಿ ಮಾಡಿದ ಜಿಪುಣತನ. ನಿಜ ಇವೆರಡರ ನಡುವೆ ಎಲ್ಲೋ ಇದೆ. 2020ರ ಬಗ್ಗೆ ಒಇಸಿಡಿ 83.3 ಬಿಲಿಯನ್ ಎಂದಿತು, ಸಾಲದ ಮುಖಬೆಲೆ ತೆಗೆದು ನಿಜವಾದ ನೆರವನ್ನಷ್ಟೇ ಎಣಿಸಿದ ಸ್ವಯಂಸೇವಾ ಸಂಸ್ಥೆ ಆಕ್ಸ್‌ಫ್ಯಾಮ್ 21ರಿಂದ 24.5 ಬಿಲಿಯನ್ ಎಂದಿತು.

ಸಾಲದ ಈ ಸಂಗತಿಯನ್ನು ಸ್ವಲ್ಪ ಬಿಡಿಸಬೇಕು. ಸರ್ಕಾರಗಳಿಂದ ಬರುವ ಹವಾಮಾನದ ಹಣದಲ್ಲಿ 100ಕ್ಕೆ ಸುಮಾರು 70 ಪಾಲು ಸಾಲ, ಮತ್ತು ಅದನ್ನು ಪೂರ್ತಿ ಮುಖಬೆಲೆಯಲ್ಲಿ ಎಣಿಸುತ್ತಾರೆ. ಊರ ಸೊಸೈಟಿಯಲ್ಲಿ ಲಕ್ಷ ರೂಪಾಯಿ ಬೆಳೆಸಾಲ ತೆಗೆದವನನ್ನು ವಾರ್ಷಿಕ ಸಭೆಯಲ್ಲಿ ನಿಲ್ಲಿಸಿ, ಇವನಿಗೆ ಸಂಘ ಲಕ್ಷ ರೂಪಾಯಿ ಸಹಾಯ ಮಾಡಿದೆ ಎಂದು ಚಪ್ಪಾಳೆ ಹೊಡೆಸಿದ ಹಾಗೆ. ಬಡ್ಡಿಯಲ್ಲಿ ಸಿಕ್ಕ ರಿಯಾಯಿತಿಯಷ್ಟೇ ಸಹಾಯ. ಅಸಲು ಅವನೇ ತೀರಿಸಬೇಕು. ಇದಕ್ಕೊಂದು ಆಕ್ಷೇಪ ಉಂಟು: ಮೆಟ್ರೊ, ಸೌರ ಸ್ಥಾವರದಂಥ ಆದಾಯ ಬರುವ ಕೆಲಸಕ್ಕೆ ಸಾಲವೇ ತಕ್ಕದ್ದು, ಎಲ್ಲವನ್ನೂ ದಾನವಾಗಿ ಕೇಳುವುದು ಅತಿಯಾಯಿತು. ಮಾತು ಸರಿಯೇ. ಸಾಲ ಕೊಡುವುದನ್ನು ಯಾರೂ ತಪ್ಪು ಎಂದಿಲ್ಲ. ಅದನ್ನು ಋಣ ತೀರಿಸಿದ ಖಾತೆಗೆ ಜಮಾ ಮಾಡುವುದಷ್ಟೇ ತಪ್ಪು. ಪ್ರವಾಹಕ್ಕೆ ತಡೆಗೋಡೆ ಕಟ್ಟುವ, ಉಪ್ಪುನೀರು ನುಗ್ಗಿದ ಗದ್ದೆಗೆ ಒಡ್ಡು ಹಾಕುವ ಕೆಲಸಕ್ಕೆ ಆದಾಯವೂ ಇಲ್ಲ, ಆದ್ದರಿಂದ ಸಾಲವೂ ಹುಟ್ಟುವುದಿಲ್ಲ. ಇನ್ನು ಏನೇನು ಎಣಿಕೆಗೆ ಬಂತೆಂದರೆ, ಇಂಡೋನೇಷ್ಯಾದಲ್ಲಿ ಕಲ್ಲಿದ್ದಲ ಸ್ಥಾವರಕ್ಕೆ ಕೊಟ್ಟ ಸಾಲವನ್ನೂ ಜಪಾನ್ ಹವಾಮಾನದ ಹಣವೆಂದು ಬರೆದುಕೊಂಡಿತು. ಏಷ್ಯಾದಲ್ಲಿ ತೆರೆದ ಚಾಕೊಲೇಟು, ಐಸ್‌ಕ್ರೀಮು ಅಂಗಡಿಗಳೂ ಇಟಲಿಯ ಪಟ್ಟಿಯಲ್ಲಿ ಸಿಕ್ಕಿದವು.

ಇಂಥ ಎಣಿಕೆಗೆ ಕದ್ರಾ ಹೊಸದಲ್ಲ. ಕಾಳಿಗೆ ಮೊದಲು ಸೂಪಾ, ಆಮೇಲೆ ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು ಬಂದವು. ಸೂಪಾ ಪೇಟೆಯೇ ಮುಳುಗಿ, ಅಲ್ಲಿನವರಲ್ಲಿ ಅನೇಕರು ಇದೇ ಜಿಲ್ಲೆಯ ರಾಮನಗರ ಸೇರಿದರು. ಕದ್ರಾದ 50 ಮೆಗಾವ್ಯಾಟಿನ ಮೂರು ಘಟಕಗಳು 1997ರಿಂದ 1999ರ ಒಳಗೆ ಓಡತೊಡಗಿದವು. ಕೈಗಾದ ಮೊದಲ ಎರಡು ಘಟಕಗಳು 2000ದಲ್ಲಿ ವಿದ್ಯುತ್ ಮಾರತೊಡಗಿದವು, ನಾಲ್ಕನೆಯದು 2011ರಲ್ಲಿ. ಮುಳುಗಡೆಗೆ ಪರಿಹಾರ ಕೊಡುವಾಗ ಸರ್ಕಾರ ನೋಡುವುದು ಪಹಣಿಯನ್ನು. ಉತ್ತರ ಕನ್ನಡದಲ್ಲಿ ಪಹಣಿಯಲ್ಲಿ ಹೆಸರಿಲ್ಲದೆ ಉಳುವವರು ಎಷ್ಟೊಂದು! ಅವರಿಗೆ ಸರ್ಕಾರಿ ಕಡತದಲ್ಲಿ ಇರುವ ಹೆಸರು ಅತಿಕ್ರಮಣದಾರರು. ಅವರ ಗದ್ದೆ ಮುಳುಗಬಹುದು, ಆದರೆ ಮುಳುಗಿದ್ದರ ಲೆಕ್ಕಕ್ಕೆ ಅದು ಬರಲಾರದು. 2006ರ ಅರಣ್ಯ ಹಕ್ಕು ಕಾಯ್ದೆ ಇದನ್ನು ಸರಿಪಡಿಸಲೆಂದೇ ಬಂತು. ಆದರೆ ಪರಿಶಿಷ್ಟ ಪಂಗಡದವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ನೆಲೆಸಿದ್ದಕ್ಕೆ ಪುರಾವೆ ತರಬೇಕು. ಹಾಲಕ್ಕಿ ಒಕ್ಕಲಿಗರು, ಕುಣಬಿಗಳು ಪಂಗಡದ ಪಟ್ಟಿಗೆ ಸೇರಿಸಿ ಎಂದು ಕೇಳುತ್ತಲೇ ಇದ್ದಾರೆ. ಯಾರ ಕುಮರಿಯನ್ನು ಅಪರಾಧವೆಂದು ಕಾಗದದಿಂದ ಅಳಿಸಲಾಯಿತೋ ಅವರ ಮೊಮ್ಮಕ್ಕಳನ್ನೇ ಈಗ ಕಾಗದ ತೋರಿಸಿ ಅನ್ನುವುದು. ಪುರಾವೆಯ ಹೊರೆಯನ್ನು ನಷ್ಟವಾದವನ ಹೆಗಲಿಗೆ ಏರಿಸುವ ಈ ತಂತ್ರ ಬಡ ದೇಶಗಳಿಗೆ ಹಣ ಹಂಚುವ ಹಸಿರು ಹವಾಮಾನ ನಿಧಿಯ ಬಾಗಿಲಲ್ಲೂ ಇದೆ. ಸಣ್ಣ ದ್ವೀಪದೇಶವೊಂದು ಹಣ ಕೇಳಿದರೆ, ನಿಮ್ಮ ತೊಂದರೆಗೆ ಹವಾಮಾನವೇ ಕಾರಣ, ಬಡತನವಲ್ಲ ಎಂದು ದಶಕಗಳ ದತ್ತಾಂಶದಿಂದ ತೋರಿಸಿ ಎನ್ನುತ್ತಾರೆ. ಮಳೆಮಾಪಕಕ್ಕೂ ದುಡ್ಡಿಲ್ಲದ ದೇಶಕ್ಕೆ ಈ ಮಾತು.

ಕೊಟ್ಟ ಮಾತನ್ನೇ ಕೊಟ್ಟ ಹಣವೆಂದು ಬರೆದುಕೊಳ್ಳುವುದಕ್ಕೆ ಕಾರವಾರ–ಅಂಕೋಲಾದವರಿಗೆ ಬಾಕುವಿನ ಉದಾಹರಣೆ ಬೇಡ. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗೆ ಮನೆ, ಗದ್ದೆ, ದಡ ಬಿಟ್ಟುಕೊಟ್ಟವರ ಪರಿಹಾರದ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಹಣ ಕೈಸೇರಲು ದಶಕಗಳು ಹಿಡಿದವು. ಆ ನಡುವೆ ಸರ್ಕಾರದ ಟಿಪ್ಪಣಿಗಳಲ್ಲಿ ‘ಪುನರ್ವಸತಿ ಪ್ರಗತಿಯಲ್ಲಿ’ ಇತ್ತು.

ಇಲ್ಲಿಗೆ ಬಂದಾಗ ದೊಡ್ಡ ಆಕ್ಷೇಪ ಎದುರಾಗುತ್ತದೆ. ತನ್ನದೇ ಕಣಿವೆಯಲ್ಲಿ ಹೀಗೆ ಲೆಕ್ಕ ಬರೆದ ದೇಶ ಬಾಕುವಿನಲ್ಲಿ ಯಾವ ಮುಖ ಹೊತ್ತು ನ್ಯಾಯ ಕೇಳುತ್ತದೆ? ಇದು ನೇರವಾಗಿಯೂ ಸುತ್ತಿಬಳಸಿಯೂ ಪದೇಪದೇ ಬರುವ ವಾದ. ಅದಕ್ಕೆ ಆಧಾರವೂ ಉಂಟು. 2030ರೊಳಗೆ ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧ ಪಾಲು ಕಲ್ಲಿದ್ದಲು, ತೈಲ, ಅನಿಲಗಳಾಚೆಯ ಮೂಲಗಳಿಂದ ಬರುತ್ತದೆ ಎಂದು ಭಾರತ ಮಾತು ಕೊಟ್ಟಿತ್ತು, 2025ರ ಜುಲೈನಲ್ಲಿ ಆ ಗುರಿ ಮುಟ್ಟಿದೆವು ಎಂದು ಘೋಷಿಸಿತು. ಕದ್ರಾದ 150 ಮೆಗಾವ್ಯಾಟ್, ಕೈಗಾದ 880 ಮೆಗಾವ್ಯಾಟ್ ಆ ಅರ್ಧದೊಳಗಿವೆ. ಆದರೆ ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ದೇಶದಲ್ಲಿ ನಿಜಕ್ಕೂ ಉರಿಯುವ ವಿದ್ಯುತ್ತಿನ ಸುಮಾರು ಮುಕ್ಕಾಲು ಪಾಲು ಈಗಲೂ ಕಲ್ಲಿದ್ದಲಿನದು. 1989ರಲ್ಲಿ ಶಿವರಾಮ ಕಾರಂತರು ಪರಿಸರದ ವಿಷಯ ಮುಂದಿಟ್ಟು ಇಲ್ಲಿಂದ ಲೋಕಸಭೆಗೆ ನಿಂತು ಸೋತಾಗ, ಕೈಗಾವನ್ನು ವಿರೋಧಿಸುವವರಿಗೆ ಸಿಗುತ್ತಿದ್ದ ಬಿರುದು ಅಭಿವೃದ್ಧಿ ವಿರೋಧಿಗಳು. ಅದೇ ಸ್ಥಾವರ ಈಗ ಹವಾಮಾನದ ಹೆಗ್ಗಳಿಕೆ. ಎರಡು ಕಾಲದಲ್ಲೂ ಕಣಿವೆಯವರ ಪ್ರಶ್ನೆಗಳು ಮಾತ್ರ ಇದ್ದಲ್ಲೇ ಇವೆ.

ಇಷ್ಟೆಲ್ಲ ಒಪ್ಪಿದ ಮೇಲೂ ಆ ಆಕ್ಷೇಪ ನಿಲ್ಲುವುದಿಲ್ಲ. ಸಾಲ ಕೊಟ್ಟವನಿಗೆ ಇನ್ನೊಬ್ಬರ ಸಾಲ ತೀರಿಸುವುದು ಬಾಕಿಯಿದೆ ಎಂಬ ಕಾರಣಕ್ಕೆ ಅವನಿಗೆ ಬರಬೇಕಾದ್ದು ರದ್ದಾಗುವುದಿಲ್ಲ. ದಿಲ್ಲಿಯ ನಡತೆ ಕೆಟ್ಟದ್ದಾದರೆ ಕದ್ರಾದವರಿಗೆ ದಿಲ್ಲಿಯ ಮೇಲೊಂದು ತಕರಾರು ಹುಟ್ಟುತ್ತದೆ. ಅಮೆರಿಕ, ಯೂರೋಪುಗಳು ಎರಡು ಶತಮಾನ ಗಾಳಿಗೆ ಬಿಟ್ಟ ಇಂಗಾಲ ಅದರಿಂದ ಒಂದು ಗ್ರಾಮೂ ಕಡಿಮೆಯಾಗುವುದಿಲ್ಲ. ವಿಷಯ ಬಿಟ್ಟು ಕೇಳುವವನ ನಡತೆಗೆ ಕೈಹಾಕುವುದು ಈ ತಂತ್ರಗಳಲ್ಲೇ ಅತ್ಯಂತ ಹಳೆಯದು. ಉತ್ತರ ಕನ್ನಡದಲ್ಲಿ ಅದಕ್ಕೂ ಪೂರ್ವಜರಿದ್ದಾರೆ: 19ನೇ ಶತಮಾನದ ಕೊನೆಯಲ್ಲಿ ಇಲ್ಲಿನವರು ವನದುಃಖ ನಿವಾರಣಿ ಸಭೆ ಕಟ್ಟಿ ಅರಣ್ಯದ ಕಷ್ಟ ಹೇಳಿಕೊಂಡರು. ಅಡಿಕೆ ತೋಟಕ್ಕೆ ಸೊಪ್ಪು ಕಡಿಯುವ ನೀವೇ ಕಾಡು ಹಾಳುಮಾಡುವವರು ಎಂಬ ಭಾವನೆ ಅಧಿಕಾರಿಗಳಲ್ಲಿ ಬೇರೂರಿತ್ತು.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಹಣ ಕೊಡಬೇಕಾದವರ ಪಟ್ಟಿ 1992ರದ್ದು. ಆಮೇಲೆ ಸಿಂಗಪುರ, ದಕ್ಷಿಣ ಕೊರಿಯಾ, ಕೊಲ್ಲಿಯ ದೇಶಗಳು ಸಿರಿವಂತವಾದವು, ಚೀನಾ ಎಲ್ಲರಿಗಿಂತ ಹೆಚ್ಚು ಹೊಗೆ ಬಿಡುತ್ತಿದೆ. ಪಟ್ಟಿ ಬದಲಾಗಬೇಡವೇ? ಬೇಕು ಎನ್ನುವುದೇ ನ್ಯಾಯ, ಬಡ ದೇಶಗಳು ಈ ಮಾತನ್ನು ಮುಚ್ಚಿಡುವುದು ತಪ್ಪು. ಆದರೆ ಮಾತುಕತೆಯಲ್ಲಿ ಇದು ಬರುವ ಹೊತ್ತನ್ನು ನೋಡಿ: ಹಳೇ ಬಾಕಿಯ ಪ್ರಸ್ತಾಪ ಎದ್ದ ಕೂಡಲೇ ಹೊಸ ಸಾಲಗಾರರ ಹೆಸರು ಬರುತ್ತದೆ, ಚೀನಾದ ಬೆನ್ನಿಗೇ ಭಾರತವನ್ನೂ ಕಟ್ಟಲಾಗುತ್ತದೆ. ವರ್ಷಕ್ಕೆ ತಲೆಗೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಬಿಡುವ ಭಾರತೀಯನನ್ನೂ ಅದರ ಏಳು ಪಟ್ಟು ಬಿಡುವ ಅಮೆರಿಕದವನನ್ನೂ ‘ದೊಡ್ಡ ಉಗುಳುವ ದೇಶಗಳು’ ಎಂಬ ಒಂದೇ ಬೆಂಚಿನಲ್ಲಿ ಕೂರಿಸುವುದು ಕ್ಲೆಗಾರ್ನನ ತಲೆಬರಹದ ಮರುಮುದ್ರಣ. 2024ರ ನವೆಂಬರ್‌ನಲ್ಲಿ ಬಾಕುವಿನಲ್ಲಿ ಆದದ್ದು ಇವೆಲ್ಲದರ ಮೊತ್ತ. ಬಡ ದೇಶಗಳು ಕೇಳಿದ್ದು ವರ್ಷಕ್ಕೆ 1.3 ಟ್ರಿಲಿಯನ್ ಡಾಲರ್. ನಿರ್ಧಾರವಾದದ್ದು 2035ರ ಹೊತ್ತಿಗೆ 300 ಬಿಲಿಯನ್, ಅದೂ ಸರ್ಕಾರಿ, ಖಾಸಗಿ, ಬ್ಯಾಂಕು ಎಂದು ಎಲ್ಲ ಮೂಲಗಳನ್ನೂ ಸೇರಿಸಿ. 1.3 ಟ್ರಿಲಿಯನ್ನನ್ನು ಎಲ್ಲರೂ ಸೇರಿ ಮುಟ್ಟಬೇಕಾದ ಆಶಯವಾಗಿ ಪಕ್ಕದಲ್ಲಿ ಬರೆದರು. ಭಾರತದ ಪ್ರತಿನಿಧಿ ಮಾತಾಡುವ ಮೊದಲೇ ಅಧ್ಯಕ್ಷರ ಸುತ್ತಿಗೆ ಬಿದ್ದಿತ್ತು. ಆಮೇಲೆ ಆ ಪ್ರತಿನಿಧಿ ಇದು ಬರೀ ಕಣ್ಕಟ್ಟು ಎಂದು ದಾಖಲಿಸಿದರು. ಅಹವಾಲು ಕೇಳುವ ಮೊದಲೇ ತೀರ್ಮಾನ ಬರೆದಿಡುವ ಸಭೆಗಳನ್ನು ಮುಳುಗಡೆ ಊರುಗಳು ಬಲ್ಲವು.

ಮುಂದಿನ ಜಗಳ ನಷ್ಟ ತುಂಬಿಕೊಡುವ ನಿಧಿಯದು. 2022ರಲ್ಲಿ ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಲ್ಲಿ ಒಪ್ಪಿ, 2023ರಲ್ಲಿ ದುಬೈಯಲ್ಲಿ ಆರಂಭಿಸಿದ ಈ ನಿಧಿಗೆ ಸಿಕ್ಕ ವಾಗ್ದಾನ 100 ಕೋಟಿ ಡಾಲರನ್ನೂ ಮುಟ್ಟಿಲ್ಲ. ಪ್ಯಾರಿಸ್ ಒಪ್ಪಂದದ ಜೊತೆಗಿನ ನಿರ್ಣಯದ 51ನೇ ಪರಿಚ್ಛೇದ ಮೊದಲೇ ಬಾಗಿಲು ಹಾಕಿತ್ತು: ನಷ್ಟದ ವಿಧಿಯನ್ನು ಹೊಣೆಗಾರಿಕೆಗಾಗಲಿ ಪರಿಹಾರಕ್ಕಾಗಲಿ ಆಧಾರ ಮಾಡಿಕೊಳ್ಳುವಂತಿಲ್ಲ. ಕದ್ರಾದಲ್ಲಿ 2019ರ ಆಗಸ್ಟ್ ಮತ್ತು 2021ರ ಜುಲೈನಲ್ಲಿ ಘಟ್ಟದ ಮೇಲೆ ಮಳೆ ಒಂದೇ ಸಮನೆ ಸುರಿಯಿತು, ಅಣೆಕಟ್ಟಿನ ಗೇಟು ತೆರೆದರು, ಕೆಳಗಿನ ಊರುಗಳಿಗೆ ನೀರು ನುಗ್ಗಿತು. ಆಗ ಎದ್ದ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳಿದ್ದವು. ಇದು ಕಂಡು ಕೇಳರಿಯದ ಮಳೆ, ಯಾರೂ ಏನೂ ಮಾಡುವಂತಿರಲಿಲ್ಲ ಎಂಬುದು ಒಂದು. ಮಳೆಗಾಲಕ್ಕೆ ಮೊದಲೇ ಜಲಾಶಯದಲ್ಲಿ ಜಾಗ ಬಿಟ್ಟಿದ್ದರೆ ಹೀಗಾಗುತ್ತಿರಲಿಲ್ಲ ಎಂಬುದು ಇನ್ನೊಂದು. ಮೊದಲನೆಯದನ್ನು ಪೂರ್ತಿ ಒಪ್ಪಿದರೆ ಅಣೆಕಟ್ಟು ನಡೆಸುವವರ ಹೊಣೆ ಮಾಯವಾಗುತ್ತದೆ, ಎರಡನೆಯದನ್ನು ಪೂರ್ತಿ ಒಪ್ಪಿದರೆ ಬಿಸಿಯೇರಿದ ಅರಬ್ಬೀ ಸಮುದ್ರದ ಪಾಲು ಮಾಯವಾಗುತ್ತದೆ. ಹವಾಮಾನದ ಹೆಸರನ್ನು ಇಲ್ಲಿ ಗುರಾಣಿಯಾಗಿಯೂ ಬಳಸಬಹುದು, ಅದನ್ನು ಬಡ ದೇಶಗಳ ಸರ್ಕಾರಗಳು ಚೆನ್ನಾಗಿ ಕಲಿಯುತ್ತಿವೆ. ವಿದ್ಯುತ್ತಿಗೆ ನೀರು ತುಂಬಿರಬೇಕು, ಕೈಗಾದ ತಂಪಿಗೂ ನೀರಿರಬೇಕು, ನೆರೆ ತಡೆಯಲು ಜಲಾಶಯ ಖಾಲಿಯಿರಬೇಕು. ಇವುಗಳ ನಡುವೆ ಆಯ್ಕೆ ಮಾಡುವವರು ಮನುಷ್ಯರೇ. ಎರಡು ಪಾಲನ್ನೂ ಬೇರ್ಪಡಿಸಿ ಹೇಳಬಲ್ಲ ದಾಖಲೆ ಒಂದೇ: ಆ ದಿನಗಳಲ್ಲಿ ಗಂಟೆಗಂಟೆಗೆ ಮೇಲಿಂದ ಬಂದ ನೀರೆಷ್ಟು, ಜಲಾಶಯದ ಮಟ್ಟ ಎಷ್ಟಿತ್ತು, ಯಾವ ಹೊತ್ತಿಗೆ ಎಷ್ಟು ಗೇಟು ಎತ್ತಿದರು, ಎಚ್ಚರಿಕೆ ಯಾವಾಗ ಹೋಯಿತು ಎಂಬ ಪುಸ್ತಕ. ಅಂಥ ಪುಸ್ತಕವನ್ನು ಪ್ರತಿ ಅಣೆಕಟ್ಟಿನವರೂ ಇಡುತ್ತಾರೆ. ನಷ್ಟದ ನಿಧಿಗೆ ಭಾರತ ಎಂದಾದರೂ ಅರ್ಜಿ ಹಾಕುವುದಾದರೆ ಅದು ಮೊದಲು ಲಗತ್ತಿಸಬೇಕಾದ್ದು ಆ ಪುಸ್ತಕವನ್ನೇ. ಅಣೆಕಟ್ಟಿನ ಕೆಳಗಿನ ಮಲ್ಲಾಪುರದವರೂ ಕದ್ರಾದವರೂ ತಮ್ಮ ರಾಜ್ಯದಿಂದ ಕೇಳಬೇಕಾದ್ದೂ ಅದನ್ನೇ.